ಬೊಂಬಾಯಿಗೆ ಮನೆ ನೋಡಲು ಹೋಗಿ ಬಂದದ್ದು

ಕಡೂರು
೧೮-೧೧-೧೯೮೬

ಪ್ರೀತಿಯ ಗುಲ್ಷನ್‌ಗೆ ನಿನ್ನ ವಿಶಾಲಿಯ ನೆನಪುಗಳು.

ನಿನ್ನ ಕಾಗದ ಗಣಪತಿ ಹಬ್ಬಕ್ಕೆ ಮುಂಚೆಯೇ ಬಂದಿತ್ತು. ಇಷ್ಟು ದಿನ ಉತ್ತರ ಬರೆಯದೇ ಇದ್ದದ್ದಕ್ಕೆ ಬೈದುಕೋ, ನಿನ್ನಿಂದ ಬೈಸಿಕೊಂಡು ನನಗೆ ಅಭ್ಯಾಸವಿದೆ. ಮೊದಲು ಸಖರಾಯಪಟ್ಟಣದಲ್ಲಿ ಮೈದುನನ ಮನೆ ಗೃಹಪ್ರವೇಶ, ಆಮೇಲೆ ದೀಪಾವಳಿ, ಆಮೇಲೆ ಬೊಂಬಾಯಿ. ಹೌದು ಕಣೇ, ಬೊಂಬಾಯಿ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಅದಕ್ಕೆ ಮುಂಚೆ, ರಹಮತ್ ಉಲ್ಲಾ ಅವರ ಕಣ್ಣಿನ ಆಪರೇಷನ್ ಹೇಗಾಯಿತು? ಕಟ್ಟು ಬಿಚ್ಚಿದ ಮಾರನೇ ದಿನವೇ ಹೊಲಿಗೆ ಮಿಷನ್ ಮುಂದೆ ಕೂತಿರುತ್ತಾರೆ, ನನಗೆ ಗೊತ್ತು. ನಿಮ್ಮ ಯಜಮಾನರು ನೀನು ಹೇಳಿದರೆ ಕೇಳುವುದಿಲ್ಲ, ನಾನು ಹೇಳಿದೆ ಅಂತ ಹೇಳು.

ನಮ್ಮ ಸರ್ವಮಂಗಳ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿತು, ಅಲ್ಲೇ ಹೊಸಬರಿಗೆ ಕಲಿಸಿಕೊಂಡಿದ್ದದ್ದು ನಿನಗೆ ಗೊತ್ತೇ ಇದೆ. ಅವಳಿಗೆ ಈಗ ಬೊಂಬಾಯಿಯಿಂದ ಎರಡು ಕಂಪನಿಯವರು ಕರೆ ಕಳಿಸಿದರು. ಟ್ಯಾಕ್ಸಿ ಇರುತ್ತಲ್ಲ, ಹಾಗೆ ದುಡ್ಡಿರುವವರಿಗೆ ಬಾಡಿಗೆಗೆ ಜೆಟ್ ವಿಮಾನ ಕೊಡುವವರು. ಗಿರಾಕಿ ಹತ್ತಿ ಕೂತು ಇಂಥ ಊರಿಗೆ ಅಂದರೆ ಪೈಲಟ್ ಅಲ್ಲಿಗೆ ಕರೆದುಕೊಂಡು ಹೋಗಬೇಕು. ಎರಡರಲ್ಲಿ ಯಾವುದಕ್ಕೆ ಸೇರಲಿ ಅಂತ ಮಗಳು ಅಪ್ಪನನ್ನು ಕೇಳಿದಳು. ಇವರು ಮೀಸೆ ಮೇಲೆ ಕೈಯಾಡಿಸಿ, "ಮನೆ ನೋಡ್ದೆ ಹೆಣ್ಣು ಕೊಡೋ ವಂಶ ಅಲ್ಲ ನಮ್ದು. ನಡೀರಿ, ನೋಡ್ಕಂಡೇ ಬರಾಣ" ಅಂದರು. ಕೊಬ್ಬರಿ ಮಂಡಿಯನ್ನು ತಮ್ಮನಿಗೆ ಒಪ್ಪಿಸಿ ಟಿಕೆಟ್ ತೆಗೆಸಿಯೇ ಬಿಟ್ಟರು.

ಅಜ್ಜಂಪುರದ ಸ್ಟೇಷನ್ನಿಗೆ ನಮ್ಮ ನಾದಿನಿ ತೀರ್ಥಮ್ಮ ಬುತ್ತಿ ತಂದಿದ್ದಳು. ಜೋಳದ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ. ಕಿಟಕಿಯೊಳಗೆ ಗಂಟು ತೂರಿಸುತ್ತಾ, "ಅಲ್ಲ ಅತ್ತಿಗೆ, ಗಂಡು ನೋಡೋ ವಯಸ್ನಲ್ಲಿ ಕಂಪ್ನಿ ನೋಡಕ್ಕೆ ಹೊಂಟಿದೀರಲ್ಲ, ವರದಕ್ಷಿಣೆ ಏನ್ ಕೇಳ್ತಾರಂತೆ?" ಅಂದಳು. ಗಾಡಿಯಲ್ಲಿದ್ದವರೆಲ್ಲ ನಕ್ಕರು. ಸರ್ವಮಂಗಳ ಮುಖ ಊದಿಸಿಕೊಂಡು ಮೀರಜಿನಲ್ಲಿ ಗಾಡಿ ಬದಲಾಯಿಸುವವರೆಗೂ ಮಾತಾಡಲಿಲ್ಲ.

ದಾರಿಯುದ್ದಕ್ಕೂ ನನಗೆ ನಮ್ಮ ತರೀಕೆರೆಯದೇ ನೆನಪು. ಯುದ್ಧದ ಕಾಲದಲ್ಲಿ ಊರ ಮೇಲೆ ಒಂದು ವಿಮಾನ ಹಾದು ಹೋಯಿತಲ್ಲ, ನಾವೆಲ್ಲ ಶಂಕರಮ್ಮ ಟೀಚರ್ ಕೂಗುವುದನ್ನೂ ಲೆಕ್ಕಿಸದೆ ಬಯಲಿಗೆ ಓಡಿದ್ದೆವು. ನಿಮ್ಮಮ್ಮ ಉಮ್ಮೆ ಕುಲ್ಸುಮ್, ಬಾಂಬು ಬಿದ್ದರೆ ಹಾಳಾಗುತ್ತದೆ ಅಂತ ಒಣಗಲು ಹರವಿದ್ದ ಮೆಣಸಿನಕಾಯಿಗೆ ಚಾಪೆ ಮುಚ್ಚಿದ್ದರು. ಸಂಜೆ ನಿಮ್ಮ ಹಿತ್ತಿಲ ಸೀಬೆಮರದ ಮೇಲೆ ಕೂತು, ಅದರೊಳಗಿದ್ದವನಿಗೆ ನಾವು ಕಂಡಿರುತ್ತೇವಾ ಅಂತ ಜಗಳವಾಡಿದ್ದೆವು. ನಿಮ್ಮ ಮನೆಯಲ್ಲಿ ಬೇರೇನೂ ತಿನ್ನಬಾರದು, ಸೀಬೆಹಣ್ಣಿಗೆ ಮಾತ್ರ ಮೈಲಿಗೆ ಇಲ್ಲ ಅನ್ನುವುದು ನಾವಿಬ್ಬರೇ ಮಾಡಿಕೊಂಡ ಕಾನೂನು. ಆ ಉಪ್ಪುಕಾರದ ರುಚಿ ಬಾಯಲ್ಲಿ ಹಾಗೇ ಇದೆ ಕಣೇ.

ಸರಿ, ಬೊಂಬಾಯಿಗೆ ಬರುತ್ತೇನೆ. ಮೊದಲು ಹೋಗಿದ್ದು ದೊಡ್ಡ ಕಂಪನಿಗೆ. ವಿಮಾನ ನಿಲ್ಲಿಸುವ ಶೆಡ್ಡು ಸುಗ್ಗಿಯ ಕಣದ ಹಾಗೆ ಗುಡಿಸಿಟ್ಟಿತ್ತು. ಜೆಟ್ಟು ಹೊಚ್ಚ ಹೊಸದು. ಸರ್ವಮಂಗಳ ಅದನ್ನು ನೋಡಿದ ನೋಟ ಹೇಗಿತ್ತು ಅಂದರೆ, ನನಗೆ ಅಲ್ಲೇ ಅರ್ಧ ತೀರ್ಮಾನವಾಯಿತು ಅನ್ನಿಸಿತು. ನಮ್ಮನೆಯವರು ಅದರ ಸುತ್ತ ಬಂದು, ತೆಂಗಿನಕಾಯಿ ಕುಟ್ಟಿ ನೋಡುವವರಂತೆ ಅದರ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿಗೊಟ್ಟು ಕೇಳಿದರು. ಮೆಕ್ಯಾನಿಕ್ಕುಗಳು ಕೆಲಸ ಬಿಟ್ಟು ಇವರನ್ನೇ ನೋಡುತ್ತಿದ್ದರು. "ಅಪ್ಪಾಜಿ, ಬನ್ನಿ ಈ ಕಡೆ" ಅಂತ ಮಗಳು ಹಲ್ಲು ಕಚ್ಚಿ ಕರೆದಳು. ಇವರು ಗಂಭೀರವಾಗಿ "ಗಟ್ಟಿ ಮಾಲು" ಅಂದರು.

ಮನೆ ನೋಡಲು ಹೋದಾಗ ಗಂಡಸರು ಕೊಟ್ಟಿಗೆ, ಬಾವಿ ನೋಡಿಕೊಳ್ಳಲಿ. ಹೆಂಗಸರು ಆ ಮನೆಗೆ ಮೊದಲೇ ಬಂದಿರುವ ಸೊಸೆಯನ್ನು ಮಾತಾಡಿಸಬೇಕು. ಅದಕ್ಕೆ ನಾನು, ಇಲ್ಲಿ ಈಗಾಗಲೇ ಕೆಲಸದಲ್ಲಿರುವ ಪೈಲಟ್ ಒಬ್ಬರನ್ನು ತೋರಿಸಿ ಅಂದೆ. ಒಬ್ಬ ಚಿಕ್ಕ ವಯಸ್ಸಿನವನನ್ನು ಕರೆಸಿದರು. ಮಗಳ ಕೈಲಿ ಹೇಳಿಸಿ ಕೇಳಿದೆ: ಗಿರಾಕಿ ಹೊರಡಲೇಬೇಕು ಅಂತ ಕೂತಿದ್ದಾನೆ, ಮೋಡ ಕವಿದಿದೆ, ಇವತ್ತು ಬೇಡ ಅಂತ ನಿಮಗೆ ಅನ್ನಿಸಿದೆ. ಆಗ ನಿಮ್ಮ ಮಾತು ನಡೆಯುತ್ತದಾ? ಅವನು ಬಾಯಿ ತೆರೆಯುವ ಮೊದಲೇ ಟೈ ಕಟ್ಟಿದ ಮ್ಯಾನೇಜರು ನಕ್ಕು, ನಮ್ಮ ಕಂಪನಿಯಲ್ಲಿ ಆಗುವುದಿಲ್ಲ ಅನ್ನುವ ಮಾತೇ ಇಲ್ಲ ತಾಯಿ, ಅದಕ್ಕೇ ನಮಗೆ ಇಷ್ಟು ಗಿರಾಕಿಗಳು ಅಂದ. ಹೆಮ್ಮೆಯಿಂದಲೇ ಅಂದ. ಆ ಹುಡುಗ ತಲೆ ಎತ್ತಲಿಲ್ಲ. ನಾನು ಸರ್ವಮಂಗಳನ ಮುಖ ನೋಡಿದೆ, ಅವಳ ಕಣ್ಣು ಇನ್ನೂ ಜೆಟ್ಟಿನ ಮೇಲೇ ಇತ್ತು.

ಚಿಕ್ಕ ಕಂಪನಿಯದು ಹಳೇ ವಿಮಾನ. ಕೂರಲು ಕೊಟ್ಟ ಕುರ್ಚಿಗೆ ಒಂದು ಕಾಲು ಮೋಟು. ಸಂಬಳ ಕಮ್ಮಿ, ಎರಡು ವರ್ಷ ದೊಡ್ಡ ಪೈಲಟ್ಟಿನ ಬಲಗಡೆ ಕೂತು ಕಲಿಯಬೇಕು. ನಮ್ಮನೆಯವರು ಕುಟ್ಟಿ ನೋಡುವ ಗೋಜಿಗೂ ಹೋಗಲಿಲ್ಲ. ಅಲ್ಲಿನ ದೊಡ್ಡ ಪೈಲಟ್ಟು ಹೈದರಾಬಾದಿನವರು, ಬಿಳೀ ಮೀಸೆ. ನಿಮ್ಮಮ್ಮ ಕಲಿಸಿದ ಉರ್ದು ಮಾತು ಕೈಹಿಡಿಯುತ್ತದಾ ನೋಡೋಣ ಅಂತ ನಾನೇ ನೇರ, "ತುಮೇ ನಕ್ಕೊ ಬೋಲೇತೋ ಸೇಠ್ ಸುನ್ತೈಂ ಕ್ಯಾ?" ಅಂದೆ, ನೀವು ಬೇಡ ಅಂದರೆ ನಿಮ್ಮ ಸೇಠು ಕೇಳುತ್ತಾರಾ ಅಂತ. ಆ ಮನುಷ್ಯ ಕುರ್ಚಿಯಿಂದ ಎದ್ದು ನಿಂತು, ಈ ಮಾತು ಎಲ್ಲಿ ಕಲಿತಿರಿ ಅಮ್ಮಾ ಅಂದರು. ತರೀಕೆರೆಯಲ್ಲಿ, ನನ್ನ ಗೆಳತಿ ಗುಲ್ಷನ್ ಮನೆಯಲ್ಲಿ ಅಂದೆ. ನಿನ್ನ ಹೆಸರು ಬೊಂಬಾಯಿ ವಿಮಾನ ನಿಲ್ದಾಣದಲ್ಲೂ ಕೇಳಿಸಿತು ನೋಡು.

ಅವರು ಹೇಳಿದ್ದು ಇಷ್ಟು. ಹೋದ ಮಳೆಗಾಲದಲ್ಲಿ ಒಬ್ಬ ದೊಡ್ಡ ವ್ಯಾಪಾರಿ ಮಗಳ ಮದುವೆ ಮಾತುಕತೆಗೆ ಹೊರಟಿದ್ದನಂತೆ. ಇಳಿಯುವ ಊರಿನ ಮೇಲೆ ಮೋಡ ಕೂತಿದೆ, ಹೋಗುವುದಿಲ್ಲ ಅಂದರಂತೆ ಈ ಪೈಲಟ್ಟು. ವ್ಯಾಪಾರಿ ಕೂಗಾಡಿದ. ಕಂಪನಿಯ ಯಜಮಾನ ಸೇಠು ಬಂದರು, ಪೈಲಟ್ಟಿನ ಮುಖ ಒಂದು ಸಲ ನೋಡಿದರು, ವ್ಯಾಪಾರಿಗೆ ರೈಲು ಟಿಕೆಟ್ ತರಿಸಿ ಕೊಟ್ಟರು. ಆ ಗಿರಾಕಿ ಮತ್ತೆ ಈ ಕಡೆ ಬರಲಿಲ್ಲ. "ನಾನು ಮಾತ್ರ ಇಲ್ಲೇ ಇದ್ದೀನಿ" ಅಂತ ನಕ್ಕರು. ನನಗೆ ಯಾಕೋ ಕಣ್ಣು ತುಂಬಿ ಬಂತು, ಬೊಂಬಾಯಿ ಧೂಳು ಅಂತ ಸೆರಗಿನಲ್ಲಿ ಒರೆಸಿಕೊಂಡೆ.

ಸಂಜೆ ಮಾಟುಂಗಾದ ಹೋಟೆಲಿನಲ್ಲಿ ದೋಸೆ ತಿನ್ನುವಾಗ ಅಪ್ಪ ಮಗಳಿಗೆ ಶುರುವಾಯಿತು. "ಹೊಸ ಗಾಡಿ ಬಿಟ್ಟು ಹಳೇ ಗಾಡಿ ಹತ್ತೋರು ಉಂಟೇನೇ? ಕ್ವಾರ್ಟರ್ಸು ಬೇರೆ ಕೊಡ್ತಾರೆ" ಅಂತ ಇವರು. ಅವಳು ದೋಸೆಯನ್ನು ಚೂರು ಮಾಡುತ್ತಾ ಕೂತಿದ್ದಳು. ಕೊನೆಗೆ, "ಅಮ್ಮ, ನೀನು ಹೇಳು, ಯಾವುದು?" ಅಂದಳು. ನಾನು, "ಕೇಳೋದು ಕೇಳಿದೀನಿ. ಹೇಳೋದು ನಂದಲ್ಲ, ಹಾರ್ಸೋಳು ನೀನು" ಅಂದೆ. ನಾಲಿಗೆ ತುದಿಗೆ ಬಂದದ್ದನ್ನು ತಡೆಹಿಡಿಯಲು ಎಷ್ಟು ಕಷ್ಟವಾಯಿತು ಅಂತ ನಿನಗಲ್ಲದೆ ಯಾರಿಗೆ ಹೇಳಲಿ? ಅವಳು ಆ ಹೊಸ ಜೆಟ್ಟೇ ಬೇಕು ಅಂದುಬಿಟ್ಟಿದ್ದರೆ, ಪ್ರತಿ ಮಳೆಗಾಲವೂ ನಾನು ಸತ್ತು ಹುಟ್ಟಬೇಕಿತ್ತು.

ಬೆಳಗ್ಗೆ ಇವರು ಲಿಂಗಪೂಜೆ ಮುಗಿಸಿ ಏಳುವುದನ್ನೇ ಕಾದು ನಿಂತಿದ್ದಳು. "ಅಪ್ಪಾಜಿ, ಚಿಕ್ಕ ಕಂಪನಿಗೆ ಸೇರ್ತೀನಿ. ಆ ಹುಡುಗ ತಲೆ ಎತ್ತಲಿಲ್ಲ, ನೀವು ನೋಡಲಿಲ್ಲ, ನಾನು ನೋಡ್ದೆ" ಅಂದಳು. ಕಣ್ಣು ಜೆಟ್ಟಿನ ಮೇಲಿದ್ದರೂ ಎಲ್ಲ ನೋಡಿದ್ದಾಳೆ ಕಳ್ಳಿ. ಇವರು ವಿಭೂತಿ ಗಟ್ಟಿಯನ್ನು ಚೀಲಕ್ಕೆ ಹಾಕಿ, "ಆಗ್ಲಿ ಬಿಡವ್ವ, ಬಾಳೋಳು ನೀನು" ಅಂದರು. ಈಗ ಕಡೂರಿನ ಮಂಡಿಯಲ್ಲಿ ಬಂದವರಿಗೆಲ್ಲ, ಆ ಚಿಕ್ಕ ಕಂಪನಿಯನ್ನು ಆರಿಸಿದ್ದೇ ತಾವು ಅನ್ನುವ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ.

ಅವಳು ಸಂಕ್ರಾಂತಿ ಕಳೆದ ಮೇಲೆ ಕೆಲಸಕ್ಕೆ ಸೇರುತ್ತಾಳೆ. ನಿನ್ನ ದುವಾದಲ್ಲಿ ಅವಳ ಹೆಸರೂ ಇರಲಿ. ನಿನ್ನ ಮೊಮ್ಮಗಳು ಮಾತು ಕಲಿತಳಾ? ಅವಳಿಗೆ ಆಯಸ್ಸು, ವಿದ್ಯೆ ಎರಡನ್ನೂ ಆ ಸ್ವಾಮಿ ಧಾರಾಳವಾಗಿ ಕೊಡಲಿ. ಹಾಸನದಿಂದ ಕಡೂರು ಏನು ದೂರ, ಬೇಸಿಗೆಗೆ ನೀವಿಬ್ಬರೂ ಬಂದು ನಾಲ್ಕು ದಿನ ಇದ್ದು ಹೋಗಿ.

ಇಂತಿ,
ಯಾವತ್ತಿಗೂ ನಿನ್ನವಳು,
ವಿಶಾಲಾಕ್ಷಿ

ವಿ.ಸೂ.: ಮುಗಿಸಿ ಮಡಿಚಿದ್ದೆ, ಮನಸ್ಸು ತಡೆಯದೆ ಮತ್ತೆ ಬಿಚ್ಚಿದೆ. ಬರುವಾಗ ಮೀರಜಿನಲ್ಲಿ ಗಾಡಿ ಕಾಯುತ್ತಾ ಕೂತಿದ್ದಾಗ ಇವರು, "ಅಲ್ಲ ಕಣೇ, ನಾನು ಇಡೀ ವಿಮಾನ ತಡಕಾಡಿದ್ರೂ ನಂಗೆ ಹೊಳೀಲಿಲ್ಲ. ಬೇಡ ಅಂದ್ರೆ ಮಾತು ನಡೀತದಾ ಅಂತ ಕೇಳೋದು ನಿಂಗೆ ಹೆಂಗ್ ಹೊಳೀತು?" ಅಂದರು. ಸುಮ್ಮನೆ ಬಾಯಿಗೆ ಬಂತು ಅಂದೆ.

ನಿನಗೆ ಗೊತ್ತು. ನಮ್ಮಪ್ಪನೂ ಕಡೂರಿಗೆ ಬಂದು ಇವರ ಮನೆ ನೋಡಿದ್ದರು, ಎಲ್ಲ ಒಪ್ಪಿಗೆಯಾಗಿತ್ತು. ನಾನು ಓದಬೇಕು, ಈ ಮದುವೆ ಬೇಡ ಅಂತ ಅಪ್ಪನಿಗೆ ಹೇಳಿದಾಗ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ಅಪ್ಪ ರೇಗಲೂ ಇಲ್ಲ. ನಕ್ಕು, ಲಗ್ನಪತ್ರಿಕೆಯ ಕಟ್ಟು ಕೈಗಿಟ್ಟು, ಮೂಲೆಗೆ ಅರಿಶಿನ ಹಚ್ಚು ಅಂದರು. ನೀನು ಒಂದೊಂದೇ ತೆಗೆದುಕೊಟ್ಟೆ, ನಾನು ಹಚ್ಚಿದೆ.

ಇವರು ಒಳ್ಳೆಯವರು ಗುಲ್ಷನ್. ಮನೆಯವರೆಲ್ಲ ಬೇಡ ಅಂದರೂ ಮಗಳನ್ನು ಜಕ್ಕೂರಿಗೆ ಕಳಿಸಿದವರು ಇವರೇ. ಅದಕ್ಕೇ ಮೂವತ್ತೆಂಟು ವರ್ಷವಾದರೂ ಹೇಳಲಾಗಲಿಲ್ಲ. ನಾನು ಖುಷಿಯಿಂದ ಒಪ್ಪಿ ಬಂದವಳು ಅಂತಲೇ ನಂಬಿದ್ದಾರೆ. "ನಿಮ್ಮಮ್ಮ ನನ್ನ ಇಷ್ಟಪಟ್ಟು ಬಂದೋಳು" ಅಂತ ಮಗಳ ಹತ್ತಿರ ಆಗಾಗ ಹೇಳಿಕೊಳ್ಳುತ್ತಾರೆ. ಆಗೆಲ್ಲ ನಾನು ಕಾಫಿ ತರುತ್ತೇನೆ ಅಂತ ಒಳಗೆ ಹೋಗುತ್ತೇನೆ.