ಜಮೀಲಾ ಅವರ ಎದೆಯೊಳಗಿನ ಹಲ್ಲಿ

ನರ್ಸಿಂಗ್ ಹಾಸ್ಟೆಲ್, ಮಧುಗಿರಿ
೧೨ ಜೂನ್ ೨೦೨೫, ಗುರುವಾರ

ನಿಡುಗಲ್‌ನ ಪರಾರಿ ರೋಗಿ ಶ್ರೀಮತಿ ನರಸಮ್ಮನವರಿಗೆ, ಮೊಮ್ಮಗಳು ತೇಜಸ್ವಿನಿ ಹಲ್ಲು ಕಡಿಯುತ್ತಾ ಮಾಡುವ ಸಾಷ್ಟಾಂಗ ನಮಸ್ಕಾರ.

ಅಜ್ಜಿ, ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇದನ್ನು ಓದಿ ಹೇಳುವ ರಾಮಾಂಜಿನಮ್ಮತ್ತೆ, ಬೈಗುಳ ಬಂದ ಕಡೆ ದಯವಿಟ್ಟು ದನಿ ತಗ್ಗಿಸಬೇಡಿ.

ನಾನು ಟೀ ತರಲು ಹೋದವಳು ಬರುವಷ್ಟರಲ್ಲಿ ಆಸ್ಪತ್ರೆಯ ಹಾಸಿಗೆ ಖಾಲಿ. ಮರುದಿನ ಎದೆಯ ಕವಾಟ ಬದಲಿಸಿಕೊಳ್ಳಬೇಕಾದವಳು ಪಾವಗಡದ ಬಸ್ಸಲ್ಲಿ ಕಡ್ಲೆಕಾಯಿ ಸುಲಿಯುತ್ತಾ ಕೂತಿದ್ದೆಯಂತೆ. ಯಾಕೆ ಬಂದೆ ಎಂದು ಅತ್ತೆ ಕೇಳಿದರೆ, "ಹಲ್ಲಿ ನುಡೀತು ಕಣಮ್ಮಿ, ಇನ್ನೆಂಗೆ ಇರಾದು ಅಲ್ಲಿ" ಎಂದೆಯಂತೆ. ಡಾಕ್ಟರು "ಸ್ವಲ್ಪ ಅಪಾಯ ಇದ್ದೇ ಇರುತ್ತೆ" ಎನ್ನುವಾಗ ಟಿಕ್ ಟಿಕ್ ಎಂದಿದ್ದು ನಿಜ. ನೀನು ಮಂಚ ಕುಟ್ಟಿ ಕೃಷ್ಣ ಕೃಷ್ಣ ಎಂದಿದ್ದನ್ನೂ ಕಂಡಿದ್ದೇನೆ.

ಅದು ಹಲ್ಲಿಯಲ್ಲ. ಪಕ್ಕದ ಹಾಸಿಗೆಯ ಸಿರಾದ ಜಮೀಲಾ ಅವರ ಎದೆ.

ಕೇಳು. ಎದೆಯಲ್ಲಿ ನಾಲ್ಕು ಕೋಣೆ, ನಾಲ್ಕು ಬಾಗಿಲು. ಎಲ್ಲವೂ ಒಂದೇ ಕಡೆಗೆ ತೆರೆಯುತ್ತವೆ, ಮುಂದೆ ಹೋದ ರಕ್ತ ವಾಪಸು ಬರಬಾರದು ಅಂತ. ಸದ್ದು ಬರುವುದು ಮುಚ್ಚುವಾಗ. ಮೇಲಿನ ಕೋಣೆಗೂ ಕೆಳಗಿನದಕ್ಕೂ ನಡುವಿನ ಎರಡು ಬಾಗಿಲು ಮುಚ್ಚಿದರೆ ಲಬ್. ರಕ್ತ ಹೊರಟ ಮೇಲೆ ಎರಡು ಹೆಬ್ಬಾಗಿಲು ಮುಚ್ಚಿದರೆ ಡಬ್. ಹುಟ್ಟಿನಿಂದ ಬಂದ ಬಾಗಿಲು ಮೆತ್ತಗಿರುತ್ತದೆ, ಕಿವಿ ಇಟ್ಟರಷ್ಟೇ ಕೇಳುತ್ತದೆ. ಜಮೀಲಾ ಅವರಿಗೆ ಆಪರೇಷನ್ ಮಾಡಿ ಹಾಕಿರುವುದು ಗಟ್ಟಿ ಬಾಗಿಲು, ಪಕ್ಕದವರಿಗೂ ಕೇಳುತ್ತದೆ. ಡಾಕ್ಟರು "ಆಮೇಲೆ ಹೊಲಕ್ಕೂ ಹೋಗಬಹುದು" ಎಂದಾಗಲೂ ಅದು ಟಿಕ್ ಎಂದಿತು. ಆಗ ನಿನ್ನ ಕಿವಿ ಯಾವ ಊರಿಗೆ ಹೋಗಿತ್ತು?

ನಿನ್ನ ಒಂದು ಬಾಗಿಲು ಚಿಕ್ಕಂದಿನ ಜ್ವರದಲ್ಲಿ ಸೆಟೆದುಕೊಂಡಿದೆ, ಪೂರ್ತಿ ಮುಚ್ಚುತ್ತಿಲ್ಲ. ರಕ್ತ ಹಿಂದಕ್ಕೆ ಸೋರುತ್ತದೆ. ಅದಕ್ಕೇ ಬಾವಿಗೆ ಹೋಗಿ ಬಂದರೂ ಏದುಸಿರು. ನೀನು ಮಾತ್ರ ಬಿಂದಿಗೆಯನ್ನು ಬೈಯುತ್ತೀಯ.

ವಿಷಯ ತಿಳಿದು ಜಮೀಲಾ ಅವರು ಹೊಲಿಗೆ ಹಿಡಿದುಕೊಂಡು ನಕ್ಕರು. "ಯಾ ಅಲ್ಲಾ, ನನ್ನ ಹಲ್ಲಿ ಮಾಡ್ಬುಟ್ರಾ ನಿಮ್ಮಜ್ಜಿ? ಕರ್ಕೊಂಡ್ ಬಾ, ಕಿವಿ ಇಟ್ಟು ಕೇಳ್ಲಿ" ಎಂದರು.

ಮಂಗಳವಾರಕ್ಕೆ ಮತ್ತೆ ದಿನ ಕೊಟ್ಟಿದ್ದಾರೆ. ಭಾನುವಾರ ನಾನೇ ಬರುತ್ತೇನೆ. ರಾಹುಕಾಲ, ಬೆಕ್ಕು, ಎಮ್ಮೆ ಕರು ಹಾಕುವುದು ಮುಂತಾದ ಯಾವುದೇ ನೆಪವನ್ನು ಪರಿಗಣಿಸಲಾಗುವುದಿಲ್ಲ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ.

ನಿನ್ನ ಮೇಲೆ ಕೆಂಡ ಕಾರುತ್ತಿರುವ,
ತೇಜು

ವಿ.ಸೂ.: ಅತ್ತೆ, ಇದನ್ನು ಮನಸ್ಸಿನಲ್ಲೇ ಓದಿಕೊಳ್ಳಿ. ನಾನು ಸ್ಟೆತಾಸ್ಕೋಪ್ ಇಟ್ಟಾಗ ಅಜ್ಜಿ "ಏನ್ ಕೇಳಿಸ್ತೈತಮ್ಮಿ" ಎಂದಳು. "ನಿನ್ ಬೈಗುಳ" ಎಂದು ನಗಿಸಿದೆ. ಲಬ್ ಆಗಿ ಡಬ್ ಬರುವ ತನಕ ಚೂರು ಮೌನ ಇರಬೇಕು ಅತ್ತೆ. ಅಜ್ಜಿಯ ಎದೆಯಲ್ಲಿ ಅದು ಇಲ್ಲ, ಬರೀ ಬುಸುಗುಡುವ ಸದ್ದು. ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಭಾನುವಾರದ ತನಕ ಅವಳನ್ನು ನೀರು ಹೊರಲು ಬಿಡಬೇಡಿ.