ನಿಸ್ಸಂತಾನನ ಮಕ್ಕಳು

ತಕಾನಿನಿ
ಭಾನುವಾರ ಮಧ್ಯಾಹ್ನ

ಹರ್ಷವರ್ಧನ್ ಕಾಕಾ,

ಮೊದಲು ‘ತೀರ್ಥರೂಪ ಸಮಾನರಾದ’ ಎಂದೇ ಬರೆದಿದ್ದೆ. ಅಪ್ಪ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ನಿಮಗೆ ಹಾಗೆಯೇ ಬರೆದುಕೊಂಡು ಬಂದವಳು ನಾನು. ಇವತ್ತು ಆ ಎರಡು ಶಬ್ದ ನಿಮಗೆ ಸಲ್ಲುವುದಿಲ್ಲ ಅನ್ನಿಸಿತು. ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡಿದ್ದೇನೆ.

ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಆಲ್ಬನಿಯ ನಿಮ್ಮ ಮನೆಗೆ ಬಂದು ಎದುರಿಗೆ ಕೂತರೆ ಕಾಕು ಚಹಾ ತರುತ್ತಾಳೆ, ನಾನು ಮೆತ್ತಗಾಗಿಬಿಡುತ್ತೇನೆ. ಅದಕ್ಕೇ ಈ ಕಾಗದ. ಇದನ್ನು ಕಾಕು ಓದಲಿ ಎಂದೇ ಬರೆಯುತ್ತಿದ್ದೇನೆ, ಬಚ್ಚಿಡಬೇಡಿ.

ನಮ್ಮ ಕುಂಜಾವತ್ ಕುಲದ ಕಥೆಯನ್ನು ನನಗೆ ಮೊದಲು ಹೇಳಿದವರು ನೀವು. ನನಗಾಗ ಏಳೋ ಎಂಟೋ. ನೀವಿನ್ನೂ ತಾಳಿಕೋಟೆಯಲ್ಲೇ ಇದ್ದಿರಿ. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತಿರುವುತ್ತಾ ಹೇಳಿದಿರಿ. ಮರುಭೂಮಿಯ ಆಚೆಯಿಂದ ಜೋರಾವರಸಿಂಗ ಎಂಬ ಸವಾರ ಯಾರದೋ ದಂಡಿನ ಜೊತೆ ದಕ್ಷಿಣಕ್ಕೆ ಇಳಿದ. ಕೃಷ್ಣೆಯ ದಂಡೆಯಲ್ಲಿ ಅವನ ಕುದುರೆ ಸತ್ತಿತು, ದಂಡು ಅವನನ್ನು ಬಿಟ್ಟು ಮುಂದೆ ಹೋಯಿತು. ಜ್ವರದಲ್ಲಿ ಬಿದ್ದಿದ್ದವನಿಗೆ ಅಂಬಲಿ ಕುಡಿಸಿ ಉಳಿಸಿದವಳು ಕುರುಬರ ನಿಂಗವ್ವ. ಅವಳನ್ನೇ ಮದುವೆಯಾದ. “ಅದಕ್ಕ ನೋಡು ರಮಾ, ನಾವು ರಜಪೂತರಿದ್ರೂ ವರ್ಷಾ ಕುರುಬರ ದೇವರು ಮಾಳಿಂಗರಾಯಗ ಹೋಗಿ ಹಣಿಗಿ ಭಂಡಾರ ಹಚಗೊಂಡು ಬರ್ತೀವಿ” ಎಂದು ನೀವು ಹೆಮ್ಮೆಯಿಂದ ಹೇಳಿದ್ದು ನನಗೆ ನೆನಪಿದೆ. ನಿಮ್ಮ ಕೈಗೆ ಮೆಣಸಿನ ಖಾರ ಅಂಟಿತ್ತು. ಆ ಕೈಯಲ್ಲೇ ಕಣ್ಣುಜ್ಜಿಕೊಂಡು ನೀವು ಕುಣಿದಾಡಿದ್ದೂ ನೆನಪಿದೆ.

ಜೋರಾವರಸಿಂಗನಿಗೂ ನಿಂಗವ್ವನಿಗೂ ಇಬ್ಬರು ಗಂಡುಮಕ್ಕಳು. ಹಿರಿಯ ಕೇಸರಿಸಿಂಗನ ಸಂತಾನ ನಾವು. ಕಿರಿಯ ಫತೇಸಿಂಗ ಮುಸಲ್ಮಾನನಾಗಿ ಫತೇಖಾನನಾದ. ಜಹಗೀರಿಗಾಗಿ ಎಂದು ಕೆಲವರು, ಒಬ್ಬ ಹೆಣ್ಣಿಗಾಗಿ ಎಂದು ಕೆಲವರು. ಮಗುವಿನ ಜ್ವರ ಇಳಿಸಿದ ಫಕೀರನಿಗಾಗಿ ಎಂದು ರಜಾಕ್ ಮಾಸ್ತರರು. ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿದರು, ಗೋಡೆಗೊಂದು ಬಾಗಿಲನ್ನೂ ಇಟ್ಟರು. ಬಾವಿ ಇಬ್ಬರಿಗೂ ಒಂದೇ. ಗೋಡೆಯ ಆಚೆಯ ಮನೆಯವರೇ ರಜಾಕ್ ಮಾಸ್ತರರು. ತಾಳಿಕೋಟೆಯ ಸರಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ, ಈಗ ಮಗಳು ಮೆಹ್ನಾಜ್ ಜೊತೆ ಇಲ್ಲಿ ನನ್ನ ಮನೆಯಿಂದ ಎರಡು ರಸ್ತೆ ಆಚೆಗೆ ಇದ್ದಾರೆ. ಎಪ್ಪತ್ತೆಂಟು ವಯಸ್ಸು. ಹನ್ನೊಂದು ತಲೆಮಾರಿನ ಹೆಸರು ಅವರಿಗೆ ಬಾಯಿಪಾಠ, ನಮ್ಮ ಕಡೆಯದೂ ಅವರ ಕಡೆಯದೂ.

ನೀವು ವಂಶಾವಳಿಯ ಪುಸ್ತಕ ಮಾಡಿಸುತ್ತೇನೆ ಎಂದಾಗ ಎಷ್ಟು ಖುಷಿಪಟ್ಟೆ! ನಾಲ್ಕು ತಿಂಗಳು ಪ್ರತಿ ಶನಿವಾರ ಅವರ ಮನೆಗೆ ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮೆಹ್ನಾಜ್ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ನಮಗಿಬ್ಬರಿಗೂ ರೊಟ್ಟಿ ಬಡಿಯುತ್ತಿದ್ದಳು. ಮಾಸ್ತರರು ಒಂದೊಂದು ಹೆಸರಿಗೂ ನಿಂತು, ಅವನಿಗೆ ಕಿವಿ ಕೇಳುತ್ತಿರಲಿಲ್ಲ, ಇವಳು ಹಾವು ಕಚ್ಚಿ ಸತ್ತಳು, ಇವನು ಬರಗಾಲದಲ್ಲಿ ಮೀರಜಕ್ಕೆ ಹೋದವನು ತಿರುಗಿ ಬರಲಿಲ್ಲ ಎಂದು ಹೇಳುತ್ತಿದ್ದರು. ಅದೆಲ್ಲವನ್ನೂ ಬರೆದು ನಿಮಗೆ ಕಳಿಸಿದೆ. ಅಚ್ಚಿಗೆ ಹೋಗುವ ಮೊದಲು ನೀವು ಕರಡು ಕಳಿಸಿದಿರಿ. ನಾನು ಓದಿದ್ದು ಮೊದಲ ಮೂರು ಪುಟ ಮಾತ್ರ. ಕುರುಬರ ನಿಂಗವ್ವ ಅಲ್ಲಿ ‘ಮೇವಾಡದಿಂದ ಪಲ್ಲಕ್ಕಿಯಲ್ಲಿ ಬಂದ ರಾಜಕನ್ಯೆ ನಂದಕುಂವರ್’ ಆಗಿದ್ದಳು. ನಕ್ಕುಬಿಟ್ಟೆ. ಕಾಕಾನಿಗೆ ಶೋಕಿ, ಹೋಗಲಿ ಎಂದುಕೊಂಡೆ. ಪುಟ ತಿರುವಲಿಲ್ಲ. ಆ ನಗುವಿಗಾಗಿ ನನ್ನ ಮೇಲೂ ನನಗೆ ಅಸಹ್ಯವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ತಿಂಗಳು ಇಲ್ಲಿನ ನಮ್ಮ ರಜಪೂತ ಸಂಘದವರು ಮಾಡಿದ ಪುಸ್ತಕ ಬಿಡುಗಡೆಯ ಆ ಸಮಾರಂಭ. ಬಾಡಿಗೆಯ ಕೇಸರಿ ಪೇಟಗಳು, ಪಾರ್ಟಿ ಅಂಗಡಿಯ ಪ್ಲಾಸ್ಟಿಕ್ ಕತ್ತಿಗಳು. ಮನೆಯಲ್ಲಿ ಕನ್ನಡದಲ್ಲೇ ಜಗಳವಾಡುವ ನಲವತ್ತು ಜನ ವೇದಿಕೆಯ ಮೇಲೆ ಒಂದಕ್ಷರ ಕನ್ನಡ ಆಡಲಿಲ್ಲ. ಈ ನೆಲದ ಮಾವೊರಿ ಜನ ಪೂರ್ವಜರ ಹೆಸರು ಹೇಳದೆ ಸಭೆಯಲ್ಲಿ ಮಾತು ತೆಗೆಯುವುದಿಲ್ಲ, ನಾವೂ ಕಲಿಯಬೇಕು ಎಂದು ನೀವು ಹರಕು ಹಿಂದಿಯಲ್ಲಿ ಭಾಷಣ ಮಾಡಿದಿರಿ. ಮೊದಲ ಸಾಲಿನಲ್ಲಿ ಹ್ಯಾಮಿಲ್ಟನ್‌ನ ಬೀಗರು, ನಿಮ್ಮ ಮಗ ಪ್ರಮೋದನಿಗೆ ಹೆಣ್ಣು ಕೊಡುವವರು. ಜೋಧಪುರದ ಕಡೆಯವರು. ‘ಕರ್ನಾಟಕದಲ್ಲಿ ಎಂಥ ರಜಪೂತರು’ ಎಂದು ಅವರು ಒಮ್ಮೆ ಕೇಳಿದ್ದರಂತೆ. ಅದಕ್ಕೆ ಉತ್ತರ ಈ ಪುಸ್ತಕ ಎಂದು ನನಗೆ ಅಲ್ಲಿ ಕೂತ ಮೇಲೆ ಅರ್ಥವಾಯಿತು.

ಮಾಸ್ತರರನ್ನು ನೀವೇ ಕರೆಸಿದ್ದಿರಿ, ಐದು ನಿಮಿಷ ಹೆಸರುಗಳನ್ನು ಹೇಳಲಿ ಎಂದು. ಅವರು ಹಿಂದಿನ ದಿನವೇ ಕ್ಷೌರ ಮಾಡಿಸಿಕೊಂಡಿದ್ದರು, ನಿವೃತ್ತಿಯ ದಿನ ಹಾಕಿದ್ದ ಕಂದು ಕೋಟು ಹಾಕಿದ್ದರು. ಮೋಟಾರುದಾರಿಯ ದಟ್ಟಣೆಯಲ್ಲಿ ಮೆಹ್ನಾಜ್ ಒಂದೂವರೆ ತಾಸು ಕಾರು ಓಡಿಸಿ ಕರೆತಂದಿದ್ದಳು. ಬೀಗರು ಬಂದು ಕೂತದ್ದೇ ನೀವು ಮಾಸ್ತರರ ಹತ್ತಿರ ಬಗ್ಗಿ, “ಮಾಸ್ತರ, ಟೈಮ್ ಇಲ್ರಿ, ಇನ್ನೊಮ್ಮೆ ನೋಡೂಣು” ಅಂದಿರಿ. ಅವರು ತಲೆಯಾಡಿಸಿದರು. ಆಮೇಲೆ ಸಂಘದವರು ಪುಸ್ತಕ ಹಂಚಿದರು, ಒಂದು ಪುಟ ಕನ್ನಡ, ಎದುರು ಪುಟ ಹಿಂದಿ.

ಮಾಸ್ತರರು ಪುಟ ತಿರುವುತ್ತಾ ಹೋಗಿ ಒಂದು ಕಡೆ ನಿಂತರು. ನಾನು ಪಕ್ಕದಲ್ಲೇ ಇದ್ದೆ. ‘ಕಿರಿಯ ಪುತ್ರ ಫತೇಸಿಂಗನು ಯೌವನದಲ್ಲಿಯೇ ನಿಸಂತಾನನಾಗಿ ವೀರಮರಣ ಹೊಂದಿದನು.’

ಆ ಸಾಲನ್ನು ಅವರು ಬೆರಳಿಟ್ಟು ಎರಡು ಸಲ ಓದಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದರು. “ಇಲ್ಲಿ ಒತ್ತು ಬಿಟ್ಟಾರ ನೋಡವ್ವಾ ರಮಾ. ನಿಸ್ಸಂತಾನ. ಸಕಾರಕ್ಕ ಸಕಾರದ ಒತ್ತು ಬರಬೇಕು” ಎಂದು ತಿದ್ದಿದರು. ತಿದ್ದಿದ್ದು ಅಚ್ಚುಕಟ್ಟಾಗಿತ್ತು. ಪುಸ್ತಕ ಮುಚ್ಚಿ, “ಮೆಹ್ನಾಜ್, ನಡಿ ಮನಿಗಿ ಹೋಗೂಣು” ಅಂದರು. ಮುನ್ನೂರು ವರ್ಷದ ಹಿಂದೆ ಮಕ್ಕಳಿಲ್ಲದೆ ಸತ್ತವನ ಮೊಮ್ಮಗ ಮಗಳ ತೋಳು ಹಿಡಿದುಕೊಂಡು ನಿಮ್ಮ ಮುಂದೆಯೇ ಹಾದು ಹೋದ. ನೀವು ಫೋಟೊಕ್ಕೆ ನಿಂತಿದ್ದಿರಿ.

ಕಾರುಗಳು ನಿಂತಿದ್ದ ಕಡೆ ನಾನು ನಿಮ್ಮನ್ನು ತಡೆದಾಗ ನೀವು ಹೇಳಿದ್ದು ಇಷ್ಟು: “ಅವರು ತುರ್ಕರಾಗಿ ಯಾವ ಕಾಲಾತು? ಅದನ್ನೆಲ್ಲಾ ಬರದ್ರ ಬೀಗರು ಏನ್ ತಿಳಕೋತಾರ? ಪ್ರಮೋದನ ಲಗ್ನ ಅದ, ತಿಳಕೋ.” ನಾಚಿಕೆಯಾಗಿ ತಗ್ಗಿದ ದನಿಯಲ್ಲಿ ಹೇಳಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ. ನೀವು ಬಾಯಲ್ಲಿ ಬಾದಾಮಿ ಬರ್ಫಿ ಇಟ್ಟುಕೊಂಡು ಹೇಳಿದಿರಿ. ಮುನ್ನುಡಿಯಲ್ಲಿ ‘ಎಂದೂ ಕಲಬೆರಕೆಯಾಗದ ರಕ್ತ’ ಎಂದು ಬರೆಸಿದ್ದೀರಿ. ಮನುಕಾವ್‌ನ ಲ್ಯಾಬಿನಲ್ಲಿ ದಿನಕ್ಕೆ ನಲವತ್ತು ಜನರ ರಕ್ತ ತೆಗೆಯುವವಳು ನಾನು, ಕಾಕಾ. ಸಮೋವಾದವರದ್ದು, ಪಂಜಾಬಿನವರದ್ದು, ಬೆಂಗಳೂರಿನವರದ್ದು. ಚೀಟಿ ಅಂಟಿಸದಿದ್ದರೆ ಯಾವುದು ಯಾರದೆಂದು ನನಗೇ ಗೊತ್ತಾಗುವುದಿಲ್ಲ.

ಮರುದಿನ ಮಾಸ್ತರರ ಕಾಲು ಹಿಡಿಯಲು ಹೋದೆ. ಅವರು ಅಂಗಳದಲ್ಲಿ ಮೆಂತ್ಯದ ಪಾತಿಗೆ ನೀರು ಹಾಕುತ್ತಿದ್ದರು. ನಿಮ್ಮನ್ನು ಬಾಯಿಗೆ ಬಂದಂತೆ ಬಯ್ದೆ. ಅವರು ನೀರು ಹಾಕುವುದನ್ನು ನಿಲ್ಲಿಸದೆ, “ಸಾಕು ಬಿಡವ್ವಾ. ಅಂವಗ ಬೈದ್ರ ನನಗ ಹತ್ತತದ. ಅಂವ ನಮ್ಮವ್ವನ ಹಾಲು ಕುಡದಾಂವ” ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ನೀರಿನ ಪೈಪು ಕೆಳಗಿಟ್ಟು ಹೇಳಿದರು. ನೀವು ಹುಟ್ಟಿದ ವರ್ಷ ಅಜ್ಜಿಗೆ, ಅಂದರೆ ನಿಮ್ಮ ಅವ್ವನಿಗೆ, ವಿಷಮಜ್ವರ. ಎದೆಯಲ್ಲಿ ಹಾಲು ಬತ್ತಿತು. ಮೇಕೆಯ ಹಾಲು ನಿಮಗೆ ಒಗ್ಗಲಿಲ್ಲ, ಕೂಸು ಕಡ್ಡಿಯಾಯಿತು. ಆಗ ಮಾಸ್ತರರ ತಾಯಿ ಸನೋಬರ್ ಬೀ ಗೋಡೆಯ ಬಾಗಿಲು ದಾಟಿ ಬಂದು ನಿಮ್ಮನ್ನು ಎತ್ತಿಕೊಂಡು ಹೋದಳು. ಅವಳಿಗೂ ಆಗ ಮಾಸೂಮಾ ಎಂಬ ಎಳೆಗೂಸು. ಏಳು ತಿಂಗಳು ಒಂದು ಮೊಲೆ ಮಾಸೂಮಾಳಿಗೆ, ಒಂದು ನಿಮಗೆ. “ನಮ್ಮಲ್ಲಿ ಒಂದಽ ತಾಯಿ ಹಾಲು ಕುಡದವರು ಒಡಹುಟ್ಟಿದವರು. ಅಂವ ನನ್ನ ತಮ್ಮ. ಪುಸ್ತಕದಾಗ ಬರೀಲಿ, ಬಿಡ್ಲಿ” ಅಂದರು.

ನಿಮಗೆ ಇದು ಗೊತ್ತಿಲ್ಲ ಎಂದು ನಂಬಲು ಎಷ್ಟು ಆಸೆಪಟ್ಟೆ ಗೊತ್ತೆ? ಆದರೆ ನಿಮಗೆ ಗೊತ್ತು. ಆಕೆ ಇರುವವರೆಗೆ ಊರಿಗೆ ಹೋದಾಗಲೆಲ್ಲ ನೀವು ಮೊದಲು ಅವಳ ಮನೆಯಲ್ಲೇ ಉಣ್ಣುತ್ತಿದ್ದಿರಂತೆ. ‘ದೂಧಮಾ’, ಹಾಲಿನ ತಾಯಿ, ಎಂದು ಕರೆಯುತ್ತಿದ್ದಿರಂತೆ. ಆಕೆಯ ಮಣ್ಣಿಗೆ ಹೆಗಲು ಕೊಟ್ಟಿದ್ದಿರಂತೆ. ಗೊತ್ತಿಲ್ಲದವನು ಮಾಡಿದ್ದರೆ ಅದು ತಪ್ಪು. ಎಲ್ಲ ಗೊತ್ತಿದ್ದೂ ಆ ಮನೆಯನ್ನು ಅಳಿಸಿ, ಆ ಮನೆಯ ಮಗನನ್ನು ಕರೆಸಿ ಕೂರಿಸಿ, ಕೈಗೆ ಪುಸ್ತಕ ಕೊಟ್ಟಿರಲ್ಲ, ಇದಕ್ಕೆ ನನ್ನ ಹತ್ತಿರ ಶಬ್ದವಿಲ್ಲ. ನನ್ನನ್ನು ಈ ದೇಶಕ್ಕೆ ಕರೆತಂದು ಓದಿಸಿದವರು ನೀವು. ಆ ಋಣ ನನ್ನ ನಾಲಿಗೆಯನ್ನು ಇಪ್ಪತ್ತೆರಡು ವರ್ಷ ಕಟ್ಟಿಹಾಕಿತ್ತು. ಇನ್ನು ಕಟ್ಟಲಾರದು.

ನಾನು ಮಾಡಿದ್ದನ್ನೂ ಕೇಳಿ. ಪುಸ್ತಕದಿಂದ ನನ್ನ ಹೆಸರು ತೆಗೆಯಿರಿ ಎಂದು ಸಂಘಕ್ಕೆ ಬರೆದಿದ್ದೇನೆ. ಪ್ರಮೋದನನ್ನು ಕರೆದು ಎಲ್ಲವನ್ನೂ ಹೇಳಿದ್ದೇನೆ. ಅವನು ನನ್ನ ಮುಖವನ್ನೇ ನೋಡುತ್ತಾ, “ಅಕ್ಕಾ, ಇದು ಟ್ರೂ ಆ? ಡ್ಯಾಡ್‌ಗೆ ಗೊತ್ತಾ?” ಎಂದು ಕೇಳಿದ. ಹೌದು ಅಂದೆ. ಅವನು ಅತ್ತ, ಕಾಕಾ. ಇಪ್ಪತ್ತೆಂಟು ವರ್ಷದ ಗಂಡಸು ನನ್ನ ಅಡುಗೆಮನೆಯಲ್ಲಿ ನಿಂತು ಅತ್ತ.

ನಿನ್ನೆ ಬೆಳಿಗ್ಗೆ ಅವನು ತಾನು ಮದುವೆಯಾಗುವ ಹುಡುಗಿಯನ್ನೇ ಕರೆದುಕೊಂಡು ಮಾಸ್ತರರ ಮನೆಗೆ ಬಂದಿದ್ದ. ನಿಮ್ಮ ಬೀಗರ ಮಗಳು ಎಲ್ಲ ಕೇಳಿಸಿಕೊಂಡು, ತಮ್ಮ ಮನೆಯಲ್ಲೂ ಯಾರೂ ಹೆಸರೆತ್ತದ ಒಬ್ಬ ಮುತ್ತಜ್ಜಿ ಇದ್ದಾಳೆ ಎಂದಳು. ನೀವು ಯಾರಿಗೆ ಹೆದರಿ ಇಷ್ಟೆಲ್ಲ ಹೇಸಿಗೆ ಮಾಡಿದಿರೋ ಅವರ ಮನೆಯ ಮಾತು ಇದು. ಪ್ರಮೋದ ತನಗೆ ಬರುವ ತೊದಲು ಕನ್ನಡದಲ್ಲಿ, “ದೊಡ್ಡಪ್ಪಾ, ಮದುವೆಗೆ ಬನ್ನಿ. ಡ್ಯಾಡ್ ಪಕ್ಕ ಕೂತ್ಕೊಳ್ಳಿ” ಎಂದು ಕರೆದ. ದೊಡ್ಡಪ್ಪ ಎನ್ನಲು ಅವನಿಗೆ ನಾನು ಹೇಳಿಕೊಟ್ಟಿರಲಿಲ್ಲ. ಮಾಸ್ತರರು ಅವನ ತಲೆ ಸವರಿ, “ನೀ ಕರದದ್ದು ಮುಟ್ಟಿತಪ್ಪಾ. ಆದ್ರ ನಿಮ್ಮಪ್ಪ ಕರದ್ರ ಬರ್ತೀನಿ. ಅಂವ ಕರೀಲಿಕ್ಕಂದ್ರ ಬರೂದಿಲ್ಲ” ಅಂದರು.

ಲಗ್ನಕ್ಕೆ ಇನ್ನು ಹದಿನೆಂಟು ದಿನ ಇದೆ. ಅವರು ಬಂದರೆ ನಾನೂ ಬಂದು ಪಂಗತಿಯಲ್ಲಿ ಬಡಿಸುತ್ತೇನೆ. ಬಾರದಿದ್ದರೆ ನನ್ನ ದಾರಿ ಕಾಯಬೇಡಿ.

ಪ್ರಮೋದನೂ ಅವನ ಹೆಂಡತಿಯಾಗುವವಳೂ ನೂರು ವರ್ಷ ತಣ್ಣಗೆ ಬಾಳಲಿ. ಕಾಕುವಿನ ಮಂಡಿನೋವು ಕಡಿಮೆಯಾಗಲಿ. ನಿಮಗೆ ನಾಚಿಕೆ ಬರಲಿ ಕಾಕಾ. ಇವತ್ತಿನ ಮಟ್ಟಿಗೆ ನಿಮಗೆ ಇದಕ್ಕಿಂತ ದೊಡ್ಡ ಹಾರೈಕೆ ನನ್ನಲ್ಲಿಲ್ಲ.

ನಿಮ್ಮ ಅಣ್ಣನ ಮಗಳು,
ರಮಾ