ಅರ್ಧ ಲೋಟ ಕೆಂಪೆಣ್ಣೆ

ವಾಡಿ,
ತಾ. ೧೪-೨-೧೯೮೩, ಸೋಮವಾರ

ಪ್ರೀತಿಯ ಗುರುಲಿಂಗಮ್ಮಾ,

ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ. ಅತ್ತೆಯವರ ಚಳಿಜ್ವರ ಪೂರ್ತಿ ಬಿಟ್ಟಿತೆ? ಎದ್ದು ಕುಳಿತು ಗಂಜಿ ಕುಡಿಯುತ್ತಿದ್ದಾರೆಂದು ನೀನು ಬರೆದ ಕಾರ್ಡು ಓದಿ ಸಮಾಧಾನವಾಯಿತು. ಅವರಿಗೆ ನನ್ನ ಶರಣು ಹೇಳು. ತವರಿನ ಊಟ ನಿನಗೂ ನಾಲ್ಕು ದಿನ ಮೈಗೆ ಹತ್ತಲಿ. ಇಲ್ಲಿ ನಾನು ಬಡಿದ ರೊಟ್ಟಿಯನ್ನು ಓಣಿಯ ನಾಯಿ ಮೂಸಿ ನೋಡಿ ಹಾಗೇ ಹೋಗುತ್ತಿದೆ. ನಗಬೇಡ.

ಹೋದ ವಾರ ನಾನು ಬರೆದ ಕಾರ್ಡನ್ನು ಹರಿದು ಒಲೆಗೆ ಹಾಕು. 'ಇನ್ನು ಡ್ರೈವರಿಕೆ ನನ್ನಿಂದಾಗದು, ಚಿಮ್ಮನಚೋಡದಲ್ಲಿ ನಿಮ್ಮಣ್ಣನ ಹೊಲದ ಕೆಲಸ ಏನಾದರೂ ಇದೆಯೋ ಕೇಳು' ಎಂದು ಬರೆದಿದ್ದೆನಲ್ಲ, ಅದನ್ನು ಓದಿ ನೀನು ಅತ್ತಿರಬೇಕು. ನನ್ನ ಬಲ ರಟ್ಟೆಯ ಕಥೆ ನಿನ್ನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಶಹಾಬಾದದ ಫರ್ಸಿಕಲ್ಲು ಹೇರಿದ ಲಾರಿಯ ಸ್ಟೇರಿಂಗು ತಿರುವಿ ತಿರುವಿ ಸವೆದ ಭುಜ ಇದು. ಎರಡು ವರ್ಷದ ಹಿಂದೆ ನಮ್ಮ ದವಾಖಾನೆಗೆ ಜಪಾನಿನ ಈ ಪುಟ್ಟ ವ್ಯಾನು ದಾನವಾಗಿ ಬಂದಾಗ, ಅದರ ಸ್ಟೇರಿಂಗು ಎರಡು ಬೆರಳಿಗೆ ತಿರುಗುವುದನ್ನು ಕಂಡೇ ಅಲ್ಲವೆ ನಾನು ನೌಕರಿ ಹಿಡಿದದ್ದು? ಕೈ ಸೋತ ಡ್ರೈವರನನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದು ಈ ಎರಡು ವರ್ಷ ತುಟಿ ಬಿಚ್ಚಿರಲಿಲ್ಲ.

ನೀನು ಊರಿಗೆ ಹೋದ ಮೂರನೆಯ ದಿನದಿಂದ ಸ್ಟೇರಿಂಗು ಜಡವಾಗತೊಡಗಿತು. ತಿರುವಿದಾಗೆಲ್ಲ ಒಳಗೆ ಏನೋ ಗುಂಯ್ ಎಂದು ನರಳುವ ಸದ್ದು. ನನ್ನ ಬುದ್ಧಿ ನೋಡು, ಗಾಡಿಯ ಮೇಲೆ ಒಂದಿಷ್ಟೂ ಸಂಶಯ ಬರಲಿಲ್ಲ! ಜಪಾನಿನ ಗಾಡಿ ಎಲ್ಲಿಯಾದರೂ ಕೆಡುತ್ತದೆಯೆ, ಕೆಟ್ಟದ್ದು ನನ್ನ ಕೈಯೇ ಎಂದು ತೀರ್ಮಾನಿಸಿಬಿಟ್ಟೆ. ದಿನಾ ಬೆಳಿಗ್ಗೆ ನೀರು, ಇಂಜಿನ್ ಆಯಿಲ್, ಗಾಲಿಯ ಗಾಳಿ ನೋಡುವವನು ನಾನು. ಸ್ಟೇರಿಂಗಿಗೂ ಬೇರೆ ಎಣ್ಣೆ ಇದೆಯೆಂದು ಹೇಳಿದವರಿಲ್ಲ, ನಾನೂ ಕೇಳಿದವನಲ್ಲ.

ಹೋದ ಗುರುವಾರ ರಾವೂರದ ಖಣಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತೆಂದು ಕರೆ ಬಂತು. ಅವಳನ್ನು ಮಲಗಿಸಿಕೊಂಡು, ರತ್ನಾಬಾಯಿ ಡಾಕ್ಟರು ಹಿಂದೆ ಕುಳಿತು, ನಾವು ವಾಡಿಗೆ ಹೊರಟೆವು. ರೈಲ್ವೆ ಗೇಟಿನ ತಿರುವಿನಲ್ಲಿ ಸ್ಟೇರಿಂಗು ತಿರುಗಲೇ ಇಲ್ಲ. ಮುಂದಿನ ಗಾಲಿ ತಗ್ಗಿನ ಅಂಚಿಗೆ ಹೋಗಿ ನಿಂತಿತು. ಹಿಂದೆ ಅವಳು ಒಂದೇ ಸಮನೆ ಚೀರುತ್ತಿದ್ದಳು. 'ಬಾಯಾರ, ನನ್ನ ಕೈಲೆ ಆಗಂಗಿಲ್ರಿ. ರಟ್ಟಿ ಹೋಗ್ಯದ, ಭಾಳ ದಿನಾ ಆತು, ಮುಚ್ಚಿಟ್ಟಿದ್ದೆ' ಎಂದು ಹೇಳಿಯೇಬಿಟ್ಟೆ.

ಅಷ್ಟರಲ್ಲಿ ಸಿಮೆಂಟ್ ಫ್ಯಾಕ್ಟರಿಯ ಕಲ್ಲು ಹೊರುವ ಡಂಪರ್ ರಿಪೇರಿ ಮಾಡುವ ಮಶಾಕ ಪಾಳಿ ಮುಗಿಸಿ ಸೈಕಲ್ಲಿನ ಮೇಲೆ ಬಂದ. ನನ್ನನ್ನು ಇಳಿಸಿ ತಾನು ಕುಳಿತ. ಎತ್ತಿನಂಥ ಹುಡುಗ, ಎರಡೂ ಕೈಯಿಂದ ಜಗ್ಗಿದವನೇ, 'ಯಾ ಅಲ್ಲಾ! ಇದೇನ್ರಿ ಕಾಕಾ, ನಮ್ಮ ಡಂಪರಕಿಂತ ಜಡ ಅದ!' ಎಂದ. ಗುರುಲಿಂಗಮ್ಮಾ, ಕೆಟ್ಟದ್ದು ನನ್ನ ಕೈಯಲ್ಲ, ಗಾಡಿ ಎಂದು ಆಗ ತಿಳಿಯಿತು. ಹೇಗೋ ತಿಣುಕಾಡಿ ದವಾಖಾನೆ ಮುಟ್ಟಿಸಿದ. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಸುಖವಾಗಿದ್ದಾರೆ.

ಮರುದಿನ ಬೆಳಿಗ್ಗೆ ಮಶಾಕ ಬಂದು ಮುಂದಿನ ಸೀಟು ಎತ್ತಿದ. ಇಂಜಿನ್ನಿನ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ, ನಿನ್ನ ಉಪ್ಪಿನಕಾಯಿ ಭರಣಿಗಿಂತಲೂ ಚಿಕ್ಕದು. ಧೂಳು ಒಳಗೆ ಬೀಳಬಾರದೆಂದು ಮೊದಲು ಮುಚ್ಚಳ ಒರೆಸಿ, ಆಮೇಲೆ ತಿರುವಿ ತೆಗೆದ. ಮುಚ್ಚಳಕ್ಕೇ ಒಂದು ಕಡ್ಡಿ, ಕಡ್ಡಿಯ ಮೇಲೆ ಎರಡು ಗೆರೆ. ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ನಾನು ಅವಸರದಿಂದ ಬ್ರೇಕ್ ಆಯಿಲ್ ಬಾಟಲಿ ಎತ್ತಿಕೊಂಡರೆ ಗಪ್ಪನೆ ನನ್ನ ಮಣಿಕಟ್ಟು ಹಿಡಿದ. 'ಅದನ್ನ ಹಾಕಿದ್ರ ಒಳಗಿನ ರಬ್ಬರ್ ಎಲ್ಲಾ ಹಾಳಾಗ್ತಾವ ಕಾಕಾ!' ಎಂದ. ಡಾಕ್ಟರು ಗಾಡಿಯ ಇಂಗ್ಲಿಷ್ ಪುಸ್ತಕ ತಂದು ಯಾವ ಎಣ್ಣೆಯೆಂದು ಓದಿ ಹೇಳಿದರು. ಶಹಾಬಾದದ ಅಂಗಡಿಯಿಂದ ಅದೇ ಎಣ್ಣೆ ತರಿಸಿದೆವು. ದಾಳಿಂಬೆ ರಸದಂತೆ ಕೆಂಪಗಿತ್ತು.

ಮಶಾಕ ಸ್ವಲ್ಪ ಸುರಿದು, ಇಂಜಿನ್ ಚಾಲೂ ಮಾಡಿ, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸಿರೆಂದ. ಕೊನೆಯಲ್ಲಿ ಹಿಡಿದು ನಿಲ್ಲಿಸಬಾರದಂತೆ. ಡಬ್ಬಿಯಲ್ಲಿ ಗುಳ್ಳೆ ಎದ್ದು ಎಣ್ಣೆ ಮತ್ತೆ ಇಳಿಯಿತು. ಮತ್ತೆ ಸ್ವಲ್ಪ ಸುರಿದ, ಮೇಲಿನ ಗೆರೆ ದಾಟಗೊಡಲಿಲ್ಲ. ಸೋರುತ್ತಿದ್ದ ಪೈಪಿನ ಪಟ್ಟಿಯನ್ನೂ ಬಿಗಿದ. ಎಲ್ಲ ಸೇರಿ ಅರ್ಧ ಲೋಟ ಎಣ್ಣೆ! ನಾನು ಒಂದೇ ಬೆರಳು ಇಟ್ಟೆ. ತಿರುಗಿತು! ಸದ್ದಿಲ್ಲ, ನೋವಿಲ್ಲ. ಬೀಸುಕಲ್ಲಿನ ಗೂಟಕ್ಕೆ ಎದುರಿನಿಂದ ಇನ್ನೊಬ್ಬರು ಕೈ ಕೊಟ್ಟಂತೆ. ಇಂಜಿನ್ನು ಆ ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಗಾಲಿಯನ್ನು ತಿರುಗಿಸುತ್ತದೆ ಎಂದ ಮಶಾಕ. ಎಣ್ಣೆ ಜಾರಿಸುತ್ತದೆಂದು ಗೊತ್ತಿತ್ತು, ನೂಕುತ್ತದೆಂದು ಯಾರಿಗೆ ಗೊತ್ತಿತ್ತು ಹೇಳು? ಯಾವ ಪುಣ್ಯಾತ್ಮ ಯೋಚಿಸಿದನೋ ಇದನ್ನು! ಎಲ್ಲೋ ಸಮುದ್ರದಾಚೆ ಕುಳಿತು ನನ್ನಂಥವನ ಭುಜ ಅವನ ನೆನಪಿಗೆ ಬಂತಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅಳು ಬಂತು. ಡಬ್ಬಿಗೆ ಕೈ ಮುಗಿದೆ. ಮಶಾಕ ನಗಲಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಕಡ್ಡಿ ಎತ್ತಿ ನೋಡಿದೆ, ಕೂದಲೆಳೆಯಷ್ಟೂ ಇಳಿದಿಲ್ಲ. ಆದ್ದರಿಂದ ಚಿಂತೆ ಬಿಡು. ಅತ್ತೆಯವರು ಓಡಾಡುವವರೆಗೆ ಅಲ್ಲೇ ಇರು, ಅವಸರ ಮಾಡಬೇಡ. ನಿಮ್ಮಣ್ಣನಿಗೆ ಶರಣು, ಅವನ ಮಕ್ಕಳಿಗೆ ಆಶೀರ್ವಾದ.

ನಿನ್ನ,
ಅಂಬಾರಾಯ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು. ಒಂದು ಮಾತು ಮೇಲೆ ಬರೆಯಲಿಲ್ಲ. ಗಾಡಿ ಸರಿಯಾದರೂ, ರಟ್ಟೆ ಹೋಗಿದೆ ಎಂದ ನನ್ನ ಮಾತನ್ನು ಡಾಕ್ಟರು ಮರೆತಿಲ್ಲ. ಈ ಹೊತ್ತು ಮಧ್ಯಾಹ್ನ ಕೈ ಎತ್ತಿಸಿದರು, ಕಿವಿಯ ಮಟ್ಟಕ್ಕೂ ಬರಲಿಲ್ಲ. ನೌಕರಿ ಹೋಗಿಲ್ಲ. ಆದರೆ, 'ಮೊದ್ಲ ಭುಜ ತೋರಿಸ್ಕೊಂಡು ಬರ್ರಿ, ಆಮ್ಯಾಲ ಕೀಲಿ ಕೊಡ್ತೀನಿ' ಎಂದು ಕೀಲಿ ಇಸಿದುಕೊಂಡರು. ಬರುವ ಶುಕ್ರವಾರ ಗುಲ್ಬರ್ಗಾದ ದೊಡ್ಡ ದವಾಖಾನೆಗೆ ಹೋಗಲು ಚೀಟಿ ಬರೆದಿದ್ದಾರೆ. ಕೊಯ್ಯಬೇಕಾಗಬಹುದಂತೆ. ಒಬ್ಬನೇ ಹೋಗಿ ಬರುತ್ತೇನೆ ಎಂದು ಅವರ ಮುಂದೆ ಜಂಭದಿಂದ ಹೇಳಿದ್ದೇನೆ. ನನಗೆ ಭಾಳ ಹೆದರಿಕೆಯಾಗಿದೆ. ಅತ್ತೆಯವರು ಒಪ್ಪಿದರೆ ಗುರುವಾರ ಕಾಳಗಿಯ ಮೇಲೆ ಬರುವ ಬಸ್ಸಿಗೆ ಹೊರಟು ಬಾ. ಒಪ್ಪದಿದ್ದರೂ ಬಾ.